ಉಗಿಬಂಡಿಯ ಒಲೆಗೆ ಇಂಧನ ದುಬಾರಿಯಾಗಿದೆ: ಬೆಂಕಿ ಆರಿಸುವುದೇ, ಉಳಿಸಿಕೊಳ್ಳುವುದೇ?

ತಾಳಗುಪ್ಪ ಲೈನ್:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಮಗಳು, ಅಳಿಯ, ಮೊಮ್ಮಗನ ಜೊತೆ ನೀಲಗಿರಿ ರೈಲಿನಲ್ಲಿ ಹೋಗಿಬಂದೆ. ಬೆಳಿಗ್ಗೆ 7.10ಕ್ಕೆ ಮೆಟ್ಟುಪಾಳ್ಯ ಬಿಟ್ಟ ಗಾಡಿ ಕಲ್ಲಾರ್ ದಾಟುತ್ತಲೇ ಎರಡು ಹಳಿಗಳ ನಡುವಿನ ಹಲ್ಲಿನ ಹಳಿಯನ್ನು ತನ್ನ ಹಲ್ಲಿನ ಚಕ್ರದಿಂದ ಕಚ್ಚಿಕೊಂಡು ಏರತೊಡಗಿತು. ಎಂಜಿನ್ ಮುಂದಿನಿಂದ ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ಹನ್ನೆರಡು ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರುವಷ್ಟು ಕಡಿದಾದ ಹಾದಿ. ನೀರು ತುಂಬಿಸಿಕೊಳ್ಳಲು ಗಾಡಿ ನಿಂತಾಗ ಮೊಮ್ಮಗನನ್ನು ಎತ್ತಿಕೊಂಡು ಎಂಜಿನ್ ಬಳಿಗೆ ಹೋದೆ. ಒಲೆಯ ಮುಂದೆ ಸಲಿಕೆ ಇರಲಿಲ್ಲ. ಬರ್ನರಿನಿಂದ ಎಣ್ಣೆ ಉರಿಯುತ್ತಿತ್ತು.

ನನ್ನ ತಂದೆ ಬೀರೂರು–ಶಿವಮೊಗ್ಗ ಮೀಟರ್ ಗೇಜ್ ದಾರಿಯಲ್ಲಿ ಫೈರ್‌ಮನ್, ಅಂದರೆ ಎಂಜಿನ್ನಿನ ಒಲೆಗೆ ಸಲಿಕೆಯಿಂದ ಕಲ್ಲಿದ್ದಲು ಹಾಕುವವರು, ಆಗಿದ್ದವರು. ಮನೆಗೆ ಬಂದರೆ ಅವರ ಅಂಗಿಯ ತೋಳಿನಲ್ಲಿ ಕಿಡಿ ತಾಗಿದ ಸಣ್ಣ ಸಣ್ಣ ತೂತುಗಳು ಇರುತ್ತಿದ್ದವು. ಅಮ್ಮ ಅವನ್ನು ಹೊಲಿದು ಹೊಲಿದು ಸೋತಿದ್ದರು. ಆದ್ದರಿಂದ ಸಲಿಕೆಯಿಲ್ಲದ ಆ ಎಂಜಿನ್ ನೋಡಿ ನನಗೆ ಏನೋ ಕಳೆದುಹೋದಂತಾಯಿತು. ಆದರೂ ಅದು ನಿಜವಾದ ಉಗಿ, ನಿಜವಾದ ಬೆಂಕಿ. ಕುನ್ನೂರಿನಲ್ಲಿ ಅದನ್ನು ಬಿಡಿಸಿ ಡೀಸೆಲ್ ಎಂಜಿನ್ ಜೋಡಿಸಿದಾಗ ಮೊಮ್ಮಗ ಅತ್ತುಬಿಟ್ಟ.

ಊರಿಗೆ ಬಂದ ಮೇಲೆ ಈ ವಿಷಯದ ಬಗ್ಗೆ ಓದುತ್ತಾ ಕುಳಿತೆ. ಲೋಕದ ಎಲ್ಲ ಪಾರಂಪರಿಕ ಉಗಿಬಂಡಿಗಳಿಗೂ ಇಂದು ಒಂದೇ ಸಂಕಟ: ಇಂಧನ. ಬ್ರಿಟನ್ನಿನಲ್ಲಿ ಇಂಥ ಮಾರ್ಗಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 26,000 ಟನ್ ಕಲ್ಲಿದ್ದಲು ಉರಿಸುತ್ತವೆ. ಆ ದೇಶದ ಒಟ್ಟು ಬಳಕೆಯ ಮುಂದೆ ಅದು ಒಂದು ಕಾಲದಲ್ಲಿ ಲೆಕ್ಕಕ್ಕೇ ಬಾರದಷ್ಟಿತ್ತು. ಈಗ ಉಗಿಬಂಡಿಗೆ ಒಗ್ಗುವ ವೇಲ್ಸ್‌ನ ಕಲ್ಲಿದ್ದಲು ಸಿಗುತ್ತಿಲ್ಲ. ಮರ್ಥರ್ ಟಿಡ್‌ಫಿಲ್ ಬಳಿಯ ತೆರೆದ ಗಣಿ 2023ರ ನವೆಂಬರಿನಲ್ಲಿ ಮುಚ್ಚಿತು. 2022ರ ಯುಕ್ರೇನ್ ಯುದ್ಧದಿಂದ ರಷ್ಯಾದ ಕಲ್ಲಿದ್ದಲೂ ನಿಂತಿತು. ಉಳಿದದ್ದು ಕಜಕಸ್ತಾನ, ಕೊಲಂಬಿಯಾಗಳಂಥ ದೂರದ ದೇಶಗಳ ಸರಕು. ಬೆಲೆಯೂ ಏರಿತು, ಗುಣವೂ ಒಂದೇ ಬಗೆಯದಾಗಿ ಉಳಿಯಲಿಲ್ಲ. ಕೆಲವು ಮಾರ್ಗಗಳು ಉಗಿ ಓಡುವ ದಿನಗಳನ್ನು ಕಡಿಮೆ ಮಾಡಿ ಡೀಸೆಲ್ ಸೇರಿಸಿಕೊಂಡವು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಓಡುವ ದಿನಗಳು ಕಡಿಮೆಯಾಗಲಿ, ಆದರೆ ಓಡುವಾಗ ಒಲೆಯಲ್ಲಿ ನಿಜವಾದ ಬೆಂಕಿ ಇರಲಿ. ನಮ್ಮ ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲೂ ಭಾನುವಾರಕ್ಕೊಂದು ಉಗಿಬಂಡಿ ಓಡಬೇಕೆಂಬುದು ನನ್ನ ಬಹುಕಾಲದ ಆಸೆ. ಬೆಲೆಯ ಪ್ರಶ್ನೆಗೆ ಉತ್ತರವಿಲ್ಲದೆ ಆ ಮಾತನ್ನು ಯಾರ ಮುಂದೂ ಇಡಲಾಗದು ಎಂದು ಇಲ್ಲಿ ಕೇಳುತ್ತಿದ್ದೇನೆ. ತಿಳಿದವರು ದಯವಿಟ್ಟು ಬರೆಯಿರಿ.

ಲೆಕ್ಕದ ಪುಸ್ತಕ:

ನಿಮ್ಮ ತಂದೆಯವರ ಅಂಗಿಯ ವಿಷಯ ಓದಿ ಮನಸ್ಸು ತುಂಬಿತು. ನಾನು ಲೆಕ್ಕಪತ್ರದ ಕೆಲಸದವನು, ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದಲೇ ಹೇಳುತ್ತೇನೆ.

ಉಗಿ ಎಂಜಿನ್ ತಾನು ಉಂಡ ಇಂಧನದ ಶಾಖದಲ್ಲಿ ನೂರಕ್ಕೆ ಆರೇಳು ಪಾಲನ್ನು ಮಾತ್ರ ಎಳೆತಕ್ಕೆ ಕೊಡುತ್ತದೆ. ಉಳಿದದ್ದು ಚಿಮಣಿಯಿಂದ ಆಕಾಶಕ್ಕೆ ಹೋಗುತ್ತದೆ. ಆದ್ದರಿಂದ ಇಂಧನದ ಬೆಲೆ ಏರಿದರೆ ಅದರ ಪೆಟ್ಟು ಬೇರೆ ವಾಹನಗಳಿಗಿಂತ ಇದಕ್ಕೆ ಜೋರು.

ಒಂದು ಊಹೆಯ ಲೆಕ್ಕ ಮಾಡೋಣ. ಎಂಜಿನ್ ದಿನಕ್ಕೆ ಒಂದೂವರೆ ಟನ್ ಉರಿಸುತ್ತದೆ, ಟನ್ನಿಗೆ 10,000 ರೂಪಾಯಿ ಎಂದು ಹಿಡಿಯಿರಿ. ದಿನಕ್ಕೆ 15,000 ರೂಪಾಯಿ. 150 ಜನ ಹತ್ತಿದರೆ ತಲೆಗೆ 100 ರೂಪಾಯಿಯ ಇಂಧನ. ಬೆಲೆ ಇಮ್ಮಡಿಯಾದರೆ ತಲೆಗೆ 200. ಇದನ್ನು ಜನ ಕೊಡುತ್ತಾರೆ. ಆದರೆ ಹಳೆಯ ಬೆಲೆಯಲ್ಲೇ 50 ಜನ ಮಾತ್ರ ಬಂದರೆ ತಲೆಗೆ 300! ಖಾಲಿ ಸೀಟು ಕಲ್ಲಿದ್ದಲಿಗಿಂತ ದುಬಾರಿ.

ಇನ್ನೊಂದು ವಿಷಯವನ್ನು ಹೆಚ್ಚಿನವರು ಗಮನಿಸಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕಲ್ಲಿದ್ದಲಿನ ಮೇಲಿದ್ದ ಟನ್ನಿಗೆ 400 ರೂಪಾಯಿಯ ಸೆಸ್ ತೆಗೆದು ಜಿಎಸ್‌ಟಿಯನ್ನು ಶೇಕಡ 5ರಿಂದ 18ಕ್ಕೆ ಏರಿಸಲಾಯಿತು. ಅಗ್ಗದ ಕಲ್ಲಿದ್ದಲು ಕೊಳ್ಳುವ ದೊಡ್ಡ ವಿದ್ಯುತ್ ಸ್ಥಾವರಗಳಿಗೆ ಇದರಿಂದ ತೆರಿಗೆ ಇಳಿಯಿತು. ಬೂದಿ ಕಡಿಮೆ ಇರುವ ಒಳ್ಳೆಯ ಕಲ್ಲಿದ್ದಲು ಬೇಕಾದವರಿಗೆ ಏರಿತು. ಟನ್ನಿಗೆ 10,000 ರೂಪಾಯಿಯದಾದರೆ ಮೊದಲು 900 ರೂಪಾಯಿ ತೆರಿಗೆ, ಈಗ 1,800. ಉಗಿ ಎಂಜಿನ್ನಿಗೆ ಬೇಕಾದದ್ದು ಈ ಎರಡನೆಯ ಬಗೆಯ ಸರಕೇ.

ಆಗುಂಬೆ ಮಳೆ:

ನನ್ನ ವಿರೋಧವನ್ನೂ ದಾಖಲಿಸಿಕೊಳ್ಳಿ. ಪಶ್ಚಿಮ ಘಟ್ಟದಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಾವು ಬೆಂಕಿರೇಖೆ ಬಳಿದು, ರಾತ್ರಿಯಿಡೀ ಎಚ್ಚರವಿದ್ದು, ಸೊಪ್ಪಿನ ಕೊಂಬೆ ಹಿಡಿದು ಕಾಳ್ಗಿಚ್ಚು ಬಡಿದು ಆರಿಸುತ್ತೇವೆ. ಆ ಹೊತ್ತಿನಲ್ಲಿ ಕಿಡಿ ಉಗುಳುವ ಎಂಜಿನ್ನನ್ನು ಕಾಡಿನ ಅಂಚಿನಲ್ಲಿ ಬಿಡುವುದೆಂದರೆ ನನಗೆ ನಡುಕ ಬರುತ್ತದೆ. ನೀಲಗಿರಿಯಲ್ಲಿ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಹೋದದ್ದಕ್ಕೆ ಕಾಡಿನ ಬೆಂಕಿಯ ಭಯವೂ ಒಂದು ಕಾರಣ. ವೇಲ್ಸ್‌ನ ಫೆಸ್ಟಿನಿಯೋಗ್ ರೈಲಿನವರು ಕೂಡ 1970ರ ದಶಕದಲ್ಲಿ ಇದೇ ಭಯದಿಂದ ಎಣ್ಣೆಗೆ ಬದಲಾಗಿದ್ದರು.

ರೈಲ್ವೆಯವರೇ ಪಾರಂಪರಿಕ ಮಾರ್ಗಗಳಿಗೆ ಹೈಡ್ರೋಜನ್ ರೈಲು ತರುವ ಯೋಜನೆ ಮಾಡಿದ್ದಾರಲ್ಲ? ಹೊಗೆಯಿಲ್ಲ, ಕಿಡಿಯಿಲ್ಲ. ಅದನ್ನೇಕೆ ಕೇಳಬಾರದು?

ತಾಳಗುಪ್ಪ ಲೈನ್:

ಆಗುಂಬೆ ಮಳೆ ಅವರೇ, ಕಾಳ್ಗಿಚ್ಚಿನ ಮಾತು ನೂರಕ್ಕೆ ನೂರು ಸತ್ಯ. ಅದಕ್ಕೆ ಉತ್ತರ ಸಿಗದೆ ನಾನೂ ಮುಂದೆ ಹೋಗಲಾರೆ.

ಹೈಡ್ರೋಜನ್ ವಿಷಯ: 2023ರಲ್ಲಿ ರೈಲ್ವೆ ಸಚಿವಾಲಯ ಸಂಸತ್ತಿಗೆ ತಿಳಿಸಿದ ಪ್ರಕಾರ ಅಂಥ 35 ರೈಲುಗಳ ಯೋಜನೆಯಿದೆ. ಒಂದೊಂದಕ್ಕೆ 80 ಕೋಟಿ ರೂಪಾಯಿ, ಜೊತೆಗೆ ಪ್ರತಿ ಮಾರ್ಗದ ನೆಲವ್ಯವಸ್ಥೆಗೆ 70 ಕೋಟಿ. ಅದು ಒಳ್ಳೆಯ ರೈಲೇ ಆಗಿರಬಹುದು. ಆದರೆ ಅದು ಉಗಿಬಂಡಿಯ ಪರಂಪರೆಯಲ್ಲ. 2023ರಲ್ಲಿ ಏಕತಾ ನಗರ–ಅಹಮದಾಬಾದ್ ನಡುವೆ ಬಿಟ್ಟ ಗಾಡಿಯ ಎಂಜಿನ್ ಹೊರಗೆ ಉಗಿ ಎಂಜಿನ್ನಿನ ರೂಪ, ಒಳಗೆ ವಿದ್ಯುತ್ತು. ಅದನ್ನು ನೋಡಿ ಸಂತೋಷಪಡುವವರ ಸಂತೋಷ ನನಗೂ ಸಮ್ಮತ. ನಾನು ಉಳಿಯಲಿ ಎನ್ನುವುದು ಎಂಜಿನ್ನಿನ ಆಕಾರವನ್ನಲ್ಲ, ಬೆಂಕಿಯನ್ನು ನೋಡಿಕೊಳ್ಳುವ ವಿದ್ಯೆಯನ್ನು. ಎಲ್ಲಿ ಎಷ್ಟು ಹಾಕಬೇಕು, ಏರು ಬರುವ ಮೊದಲೇ ಒಲೆಯನ್ನು ಹೇಗೆ ಸಜ್ಜು ಮಾಡಬೇಕು, ನೀರಿನ ಮಟ್ಟ ಎಲ್ಲಿರಬೇಕು. ತಂದೆಯವರ ಕೈಯಲ್ಲಿದ್ದದ್ದು ಅದು.

ಅಂದ ಹಾಗೆ ಫೆಸ್ಟಿನಿಯೋಗ್‌ನವರ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎಣ್ಣೆಯ ಬೆಲೆ ಏರಿದ ಮೇಲೆ, ಸುಮಾರು 2007ರಿಂದ ಈಚೆಗೆ, ಎಂಜಿನ್ನುಗಳನ್ನು ಒಂದೊಂದಾಗಿ ಮರಳಿ ಕಲ್ಲಿದ್ದಲಿಗೆ ತಂದರು. ಈಗ ಕಲ್ಲಿದ್ದಲೇ ಸಿಗದ ಕಾಲ.

ಭದ್ರಾವತಿ ಹಳೇನಗರ:

ಇಷ್ಟು ದಿನ ಇಲ್ಲಿ ಓದುವುದಷ್ಟೇ ಮಾಡುತ್ತಿದ್ದೆ, ಇಂದು ಬರೆಯಲೇಬೇಕೆನಿಸಿತು. ಕಾಡು ಮತ್ತು ಬೆಂಕಿಯ ಲೆಕ್ಕ ಮಲೆನಾಡಿಗೆ ಹೊಸದಲ್ಲ. ಭದ್ರಾವತಿ ಊರೇ ಆ ಲೆಕ್ಕದ ಮೇಲೆ ಬೆಳೆದದ್ದು.

ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಹುಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದಾಗ ಅದರ ಊದುಕುಲುಮೆಗೆ ಹಾಕುತ್ತಿದ್ದದ್ದು ಕಲ್ಲಿದ್ದಲಿನಿಂದ ಮಾಡಿದ ಕೋಕ್ ಅಲ್ಲ, ಇದ್ದಿಲು. ನಮ್ಮ ಮಲೆನಾಡಿನ ಕಾಡಿನ ಕಟ್ಟಿಗೆಯ ಇದ್ದಿಲು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ, ಬಂಗಾಳ–ಬಿಹಾರದಿಂದ ತರಿಸಿದರೆ ಸಾಗಣೆಯೇ ದುಬಾರಿ. ಆದ್ದರಿಂದ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಅದರ ಹೊಗೆಯನ್ನೂ ಬಿಡದೆ ತಣಿಸಿ ಟಾರು, ಮೀಥೈಲ್ ಮದ್ಯಸಾರ ತೆಗೆಯುತ್ತಿದ್ದರು. ಅದಿರು ಕೆಮ್ಮಣ್ಣುಗುಂಡಿಯಿಂದ ಹಗ್ಗದ ದಾರಿಯಲ್ಲಿ ತಣಿಗೆಬೈಲಿಗೆ ಇಳಿದು ಅಲ್ಲಿಂದ ಸಣ್ಣ ಹಳಿಯ ಗಾಡಿಯಲ್ಲಿ ಬರುತ್ತಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಪುಟ್ಟ ರೈಲು ಇತ್ತೆಂದರೆ ಇಂದಿನ ಹುಡುಗರು ನಂಬುವುದಿಲ್ಲ.

ನಮ್ಮ ಅಜ್ಜ ಆ ಕಾಲದಲ್ಲಿ ಕಟ್ಟಿಗೆಯ ಕೂಪಿನಲ್ಲಿ, ಅಂದರೆ ಕಾಡಿನಲ್ಲಿ ಮರ ಕಡಿಯುವ ಜಾಗದಲ್ಲಿ, ದುಡಿದವರು. ಅವರು ಹೇಳುತ್ತಿದ್ದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಕೂತಿದೆ. ಅವರು ಕೆಲಸಕ್ಕೆ ಸೇರಿದಾಗ ಕೂಪು ಊರಿಗೆ ಹತ್ತಿರವಿತ್ತಂತೆ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದರಂತೆ. ಕೆಲಸ ಬಿಡುವ ಹೊತ್ತಿಗೆ ವಾರಕ್ಕೊಮ್ಮೆ ಮನೆಗೆ ಬರುವಷ್ಟು ದೂರ ಹೋಗಿತ್ತಂತೆ. ಕೂಪು ದೂರ ಹೋಯಿತು ಎಂದರೆ ಏನಾಯಿತೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಜೋಗದ ವಿದ್ಯುತ್ ಬಂತು. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಇದ್ದಿಲಿನ ಹಸಿವು ಇಳಿಯಿತು. ನಾನು ಉಗಿಬಂಡಿಯ ವಿರೋಧಿಯಲ್ಲ. ಕಾರ್ಖಾನೆಯ ಸೈರನ್ ಕೇಳಿ ಬೆಳೆದವನಿಗೆ ಎಂಜಿನ್ನಿನ ಕೂಗು ಯಾವತ್ತೂ ಇಷ್ಟವೇ. ಆದರೆ ಕಲ್ಲಿದ್ದಲು ದುಬಾರಿಯಾಯಿತೆಂದು ಯಾರಾದರೂ ಸೌದೆಯ ಮಾತು ತೆಗೆದರೆ ನಾನು ಅಡ್ಡ ಬರುತ್ತೇನೆ. ಅಜ್ಜನ ಮಾತಿಗಾದರೂ ಬರಲೇಬೇಕು.

ಅಡಿಕೆ ಚಪ್ಪರ:

ಸೌದೆ ಬೇಡ, ಒಪ್ಪಿದೆ. ಅಡಿಕೆ ಸಿಪ್ಪೆ ಆಗಬಹುದಲ್ಲ? ತೀರ್ಥಹಳ್ಳಿ, ಹೊಸನಗರ, ಸಾಗರ, ಈಗ ಚನ್ನಗಿರಿ, ಭದ್ರಾವತಿ ಕಡೆಯಲ್ಲೂ ಕೊಯ್ಲಿನ ಕಾಲಕ್ಕೆ ರಸ್ತೆಯ ಬದಿಯಲ್ಲಿ ಸಿಪ್ಪೆ ಬೆಟ್ಟದಂತೆ ಬಿದ್ದಿರುತ್ತದೆ. ಯಾರೋ ಬೆಂಕಿ ಹಚ್ಚಿ ಹೋಗುತ್ತಾರೆ, ವಾರಗಟ್ಟಲೆ ಹೊಗೆಯಾಡುತ್ತದೆ. ಬೈಕಿನಲ್ಲಿ ಹೋಗುವವರಿಗೆ ಮುಂದಿನ ದಾರಿ ಕಾಣುವುದಿಲ್ಲ. ನನ್ನ ಭಾವ ಅಂಥ ಹೊಗೆಯಲ್ಲೇ ಬಿದ್ದು ಕೈ ಮುರಿದುಕೊಂಡರು. ನಮ್ಮ ಹಂಡೆಯ ಒಲೆಗೂ ಸ್ವಲ್ಪ ಸಿಪ್ಪೆ ಹಾಕುತ್ತೇವೆ, ಚೆನ್ನಾಗಿ ಒಣಗಿದ್ದರೆ ಉರಿಯುತ್ತದೆ. ಒತ್ತಿ ಇಟ್ಟಿಗೆಯಂತೆ ಮಾಡಿದರೆ ಎಂಜಿನ್ನಿಗೆ ಏಕೆ ಆಗದು? ಬ್ರಿಟನ್ನಿನಲ್ಲಿ ಆಲಿವ್ ಬೀಜದ ಪುಡಿ ಬೆರೆಸಿದ ಇಂಧನದುಂಡೆಯನ್ನು ನಾರ್ಫೋಕಿನ ಬ್ಯೂರ್ ವ್ಯಾಲಿ ರೈಲಿನಲ್ಲಿ ಪರೀಕ್ಷೆ ಮಾಡಿದ್ದಾರೆಂದು ಓದಿದ್ದೇನೆ. ಅವರಿಗೆ ಆಲಿವ್ ಇದ್ದರೆ ನಮಗೆ ಅಡಿಕೆ ಇದೆ.

ಹೊಟ್ಟಿನ ಬಾಯ್ಲರ್:

ಅಡಿಕೆ ಚಪ್ಪರ ಅವರ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ ಎಂದುಕೊಳ್ಳುತ್ತೇನೆ. ಕುಸುಬಲಕ್ಕಿ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಯ್ಲರ್ ನೋಡಿಕೊಳ್ಳುತ್ತಿದ್ದೇನೆ. ಸರ್ಕಾರಿ ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ಪಡೆದವನು. ನಮ್ಮ ಒಲೆಗೆ ಭತ್ತದ ಹೊಟ್ಟು.

ಮೊದಲು ಶಾಖ. ಒಳ್ಳೆಯ ಕಲ್ಲಿದ್ದಲು ಕಿಲೋಗೆ ಆರೂವರೆ ಸಾವಿರ ಕಿಲೋ ಕ್ಯಾಲೊರಿಯಷ್ಟು ಕೊಟ್ಟರೆ ಹೊಟ್ಟು ಕೊಡುವುದು ಮೂರು ಸಾವಿರದ ಮೇಲೆ ಸ್ವಲ್ಪ. ಒಂದು ಕಿಲೋ ಕಲ್ಲಿದ್ದಲಿನ ಕೆಲಸಕ್ಕೆ ಎರಡು ಕಿಲೋಗೂ ಮಿಕ್ಕಿ ಹೊಟ್ಟು ಬೇಕು. ಗಿರಣಿಯಲ್ಲಿ ಇದು ತೊಂದರೆಯಲ್ಲ, ಪಕ್ಕದಲ್ಲೇ ಗುಡ್ಡೆಯಿರುತ್ತದೆ. ಎಂಜಿನ್ ತನ್ನ ಊಟವನ್ನು ತಾನೇ ಹೊತ್ತುಕೊಂಡು ಓಡಬೇಕು. ಒತ್ತಿ ಉಂಡೆ ಮಾಡಿದರೆ ಜಾಗ ಕಡಿಮೆಯಾಗುತ್ತದೆ, ತೂಕ ಕಡಿಮೆಯಾಗುವುದಿಲ್ಲ. ಅಡಿಕೆ ಸಿಪ್ಪೆ ನಾರಿನ ವಸ್ತು. ಹೆಚ್ಚೆಂದರೆ ಒಣ ಸೌದೆಯ ಹಾಗೆ ಎಂದಿಟ್ಟುಕೊಳ್ಳಿ.

ಎರಡನೆಯದು ಒಲೆಯೊಳಗೆ ಬೀಸುವ ಗಾಳಿ. ಇದು ಗಿರಣಿಯವರಿಗೆ ಹೊಳೆಯದ ವಿಷಯ, ನನಗೆ ಒಬ್ಬ ಹಿರಿಯ ಲೋಕೋ ಡ್ರೈವರ್ ಹೇಳಿಕೊಟ್ಟದ್ದು. ಎಂಜಿನ್ನಿನಲ್ಲಿ ದುಡಿದು ಹೊರಬರುವ ಉಗಿಯನ್ನು ಚಿಮಣಿಯ ಬುಡದಲ್ಲಿ ಜೋರಾಗಿ ಬಿಡುತ್ತಾರೆ. ಅದು ಒಲೆಯಿಂದ ಹೊಗೆಯನ್ನು ಸೆಳೆದೊಯ್ಯುತ್ತದೆ. ನಾವು ಕೇಳುವ ಚುಕ್ ಚುಕ್ ಸದ್ದು ಅದೇ. ಏರಿನಲ್ಲಿ ಆ ಸೆಳೆತ ಎಷ್ಟು ಬಲವೆಂದರೆ ಹಗುರವಾದ ಇಂಧನ ಅರ್ಧ ಉರಿದಿರುವಾಗಲೇ ಕೊಳವೆಗಳೊಳಗೆ ಹಾರಿ ಚಿಮಣಿಯಿಂದ ಕಿಡಿಯಾಗಿ ಹೊರಬೀಳುತ್ತದೆ. ಆಗುಂಬೆ ಮಳೆ ಅವರ ಭಯ ಅಡಿಕೆ ಸಿಪ್ಪೆಯಿಂದ ಇನ್ನೂ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು.

ಮೂರನೆಯದು ಬೂದಿ. ನಮ್ಮ ಭತ್ತದ ಹೊಟ್ಟಿನಲ್ಲಿ ಐದರಲ್ಲೊಂದು ಪಾಲು ಬೂದಿಯೇ, ಅದರಲ್ಲಿ ಬಹುಪಾಲು ಮರಳಿನ ಜಾತಿಯದು. ಕೊಳವೆಗಳನ್ನು ಅರದಂತೆ ಉಜ್ಜುತ್ತದೆ. ಹಾಗೆಂದು ಭಾರತದ ಕಲ್ಲಿದ್ದಲು ಮೇಲೆಂದೂ ಅಲ್ಲ. ಅದರಲ್ಲಿ ಬೂದಿ ನೂರಕ್ಕೆ ಮೂವತ್ತು, ನಲವತ್ತು ಇರುವುದೂ ಉಂಟು. ಕರಗಿ ಕಿಟ್ಟ ಕಟ್ಟಿದರೆ ಜಾಲರಿಯ ಮೇಲೆ ಗಾಳಿ ನಿಲ್ಲುತ್ತದೆ, ಬೆಂಕಿ ಉಸಿರುಗಟ್ಟುತ್ತದೆ. ತಾಳಗುಪ್ಪ ಲೈನ್ ಅವರ ತಂದೆಯವರು ಎಷ್ಟು ಕಿಟ್ಟ ಒಡೆದಿರಬಹುದು ಎಂದು ಯೋಚಿಸುತ್ತೇನೆ. ಅಸ್ಸಾಮಿನ ಕಲ್ಲಿದ್ದಲಿನಲ್ಲಿ ಬೂದಿ ಕಡಿಮೆ, ಆದರೆ ಗಂಧಕ ಹೆಚ್ಚು.

ಆದ್ದರಿಂದ ಅಡಿಕೆ ಸಿಪ್ಪೆಯನ್ನು ನಿಂತ ಬಾಯ್ಲರಿಗೆ ಕೊಡಿ. ಗಿರಣಿಗೆ, ಹಂಡೆಗೆ, ಆಲೆಮನೆಗೆ ಕೊಡಿ. ಅಲ್ಲಿ ಅದು ಮರ ಉಳಿಸುತ್ತದೆ.

ಈಗ ನನ್ನದೊಂದು ಸಲಹೆ. ಭಾನುವಾರಕ್ಕೊಮ್ಮೆ ಓಡಿಸುವ ಆಸೆಯನ್ನು ಬಿಡಿ. ಅದು ಎಲ್ಲಕ್ಕಿಂತ ದುಬಾರಿ ವಿಧಾನ. ತಣ್ಣಗಿರುವ ಬಾಯ್ಲರನ್ನು ಎಬ್ಬಿಸಲು ಗಂಟೆಗಟ್ಟಲೆ ಬೇಕು, ಒಂದು ಗಜವೂ ಚಲಿಸುವ ಮೊದಲೇ ಬಹಳಷ್ಟು ಇಂಧನ ಸುಟ್ಟಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಕಾಯಿಸಿ ತಣಿಸಿ ಕಾಯಿಸಿ ತಣಿಸಿ ಮಾಡಿದರೆ ಲೋಹ ಹಿಗ್ಗಿ ಕುಗ್ಗಿ ಕೊಳವೆಯ ಬಾಯಿಗಳು ಸೋರಲು ಶುರುವಾಗುತ್ತವೆ. ಒಂದೇ ಸಲಕ್ಕೆ ಹತ್ತು ಹದಿನೈದು ದಿನ ಸತತವಾಗಿ ಓಡಿಸಿ, ರಾತ್ರಿ ಬೆಂಕಿಯನ್ನು ಮುಚ್ಚಿ ಬೆಚ್ಚಗಿಡಿ. ಆಮೇಲೆ ತೊಳೆದು ಒಣಗಿಸಿ ನಿಲ್ಲಿಸಿಬಿಡಿ.

ತಾಳಗುಪ್ಪ ಲೈನ್:

ಹೊಟ್ಟಿನ ಬಾಯ್ಲರ್ ಅವರಿಗೆ ಕೈ ಮುಗಿಯುತ್ತೇನೆ. ನನ್ನ ಭಾನುವಾರದ ಕನಸನ್ನು ಇಲ್ಲಿಗೇ ಕೈಬಿಟ್ಟೆ. ತಂದೆಯವರು ಕಿಟ್ಟ ಒಡೆಯುವ ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆನೆಸಿಕೊಂಡು, ಕಲ್ಲಿದ್ದಲಿನ ಜೊತೆ ಬಂದ ಕಲ್ಲುಗಳನ್ನು ಆರಿಸಿ ಎಸೆಯುವುದೇ ಅರ್ಧ ಕೆಲಸವಾಗಿತ್ತು ಎನ್ನುತ್ತಿದ್ದರು.

ಶರಾವತಿ ಸೆರಗು:

ಎಲ್ಲರೂ ಬೇಸಿಗೆಯ ಕಾಡಿನ ಬೆಂಕಿಯನ್ನೇ ಲೆಕ್ಕಕ್ಕೆ ಹಿಡಿದಿದ್ದೀರಿ. ನಮ್ಮೂರಿಗೆ ಜನ ಬರುವುದು ಯಾವಾಗ? ಜೋಗ ತುಂಬಿದಾಗ. ಜುಲೈ, ಆಗಸ್ಟ್, ಸೆಪ್ಟೆಂಬರ್. ಆಗ ಕಾಡೆಲ್ಲ ನೀರು ಕುಡಿದು ನಿಂತಿರುತ್ತದೆ. ಬೇಕೆಂದು ಬೆಂಕಿ ಹಚ್ಚಿದರೂ ಹತ್ತುವುದಿಲ್ಲ, ನಮ್ಮ ಬಚ್ಚಲೊಲೆ ಹೊತ್ತಿಸಲೇ ಅರ್ಧ ಗಂಟೆ ಊದಬೇಕು. ತಾಳಗುಪ್ಪ ನಿಲ್ದಾಣದಿಂದ ಜೋಗಕ್ಕೆ ಹದಿನೈದು ಹದಿನಾರು ಕಿಲೋಮೀಟರ್. ಆ ದಿನಗಳಲ್ಲಿ ಓಡಿಸಿದರೆ ಸೀಟೂ ಖಾಲಿ ಇರದು, ಕಿಡಿಯ ಭಯವೂ ಇರದು. ತಂಪು ಗಾಳಿಯಲ್ಲಿ ಉಗಿ ಬೆಳ್ಳಗೆ ದಟ್ಟವಾಗಿ ನಿಲ್ಲುವುದನ್ನು ನೋಡುವುದೂ ಒಂದು ಭಾಗ್ಯ.

ಆಗುಂಬೆ ಮಳೆ:

ಇದಕ್ಕೆ ನನ್ನ ಒಪ್ಪಿಗೆಯಿದೆ. ಮಳೆಗಾಲವಾದರೆ ಬೆಂಕಿಯ ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹೊಗೆಯ ಬಗ್ಗೆ ಇನ್ನೂ ಅಸಮಾಧಾನವಿದೆ, ಆದರೆ ವರ್ಷಕ್ಕೆ ಹದಿನೈದು ದಿನ ಎಂದರೆ ಅದರ ಮೇಲೆ ಜಗಳ ಮಾಡುವುದಿಲ್ಲ.

ಹೊಟ್ಟಿನ ಬಾಯ್ಲರ್:

ಮಳೆಗಾಲವಾದರೆ ಕಲ್ಲಿದ್ದಲಿಗೆ ಸೂರು ಬೇಕು. ಒದ್ದೆಯಾದರೆ ಅದರೊಳಗಿನ ನೀರನ್ನು ಕುದಿಸುವುದಕ್ಕೇ ಶಾಖ ಹೋಗುತ್ತದೆ. ಮಲೆನಾಡಿನವರಿಗೆ ಸೌದೆ ಕೊಟ್ಟಿಗೆ ಕಟ್ಟುವುದನ್ನು ಹೇಳಿಕೊಡಬೇಕಿಲ್ಲ.

ವಿಂಟರ್‌ಥರ್‌ನಿಂದ ಸಾಗರದವ:

ನಾನು ಮೂಲತಃ ಸಾಗರದವನು, ಕೆಲಸದ ಮೇಲೆ ಸ್ವಿಟ್ಜರ್ಲೆಂಡಿನಲ್ಲಿದ್ದೇನೆ. ನೀಲಗಿರಿಯ ಎಕ್ಸ್ ವರ್ಗದ ಹಳೆಯ ಎಂಜಿನ್ನುಗಳನ್ನು ಮಾಡಿದ ಎಸ್‌ಎಲ್‌ಎಂ ಕಾರ್ಖಾನೆ ಇದ್ದದ್ದು ಇದೇ ಊರಿನಲ್ಲಿ. ಆ ಎಂಜಿನ್ನಿನ ಒಂದು ಗುಣವನ್ನು ಯಾರೂ ಇಲ್ಲಿ ಹೇಳಿಲ್ಲ. ಅದರಲ್ಲಿ ನಾಲ್ಕು ಸಿಲಿಂಡರುಗಳು. ಹಲ್ಲಿನ ಹಳಿಯ ಮೇಲೆ ಏರುವಾಗ ಒಂದು ಜೊತೆ ಸಿಲಿಂಡರಿನಲ್ಲಿ ಸಾಧಾರಣ ಚಕ್ರಗಳನ್ನು ತಿರುಗಿಸಿದ ಉಗಿಯನ್ನು ಹೊರಗೆ ಬಿಡದೆ ಎರಡನೆಯ ಜೊತೆಗೆ ಕಳಿಸಿ ಹಲ್ಲಿನ ಚಕ್ರವನ್ನು ತಿರುಗಿಸುತ್ತಾರೆ. ಒಮ್ಮೆ ದುಡಿದ ಉಗಿ ಮತ್ತೊಮ್ಮೆ ದುಡಿಯುತ್ತದೆ. ಇಂಧನದ ಮಿತವ್ಯಯ ಆ ಕಾಲದವರಿಗೂ ಗೊತ್ತಿತ್ತು.

ಅದೇ ಕಾರ್ಖಾನೆ 1992ರಲ್ಲಿ ಬ್ರಿಯೆಂಜ್ ರೋಥೋರ್ನ್ ಬೆಟ್ಟದ ರೈಲಿಗೆ ಹೊಸದಾಗಿ ಉಗಿ ಎಂಜಿನ್ ಮಾಡಿತು. ಅದು ಹಗುರ ಎಣ್ಣೆಯಿಂದ ಉರಿಯುತ್ತದೆ, ಒಬ್ಬನೇ ನಡೆಸಬಹುದು, ಬಾಯ್ಲರಿಗೆ ದಪ್ಪನೆಯ ಶಾಖರಕ್ಷಕ ಹೊದಿಕೆಯಿದೆ. ರಾತ್ರಿ ವಿದ್ಯುತ್ತಿನಿಂದ ನೀರನ್ನು ಕಾಯಿಸಿಡುತ್ತಾರೆ, ಬೆಳಗ್ಗೆ ಎಂಜಿನ್ ಸಿದ್ಧವಾಗಿರುತ್ತದೆ. ಹೊಟ್ಟಿನ ಬಾಯ್ಲರ್ ಅವರು ಹೇಳಿದ ಬೆಂಕಿ ಎಬ್ಬಿಸುವ ನಷ್ಟ ಅಲ್ಲಿ ಬಹುಪಾಲು ಇಲ್ಲ.

ಇನ್ನೂ ಒಂದು ಸಂಗತಿ, ಮಲೆನಾಡಿನವರು ಕೇಳಲೇಬೇಕಾದದ್ದು. ಎರಡನೆಯ ಮಹಾಯುದ್ಧದಲ್ಲಿ ಸ್ವಿಸ್ಸರಿಗೆ ಕಲ್ಲಿದ್ದಲು ಬರುವುದು ಕಷ್ಟವಾಯಿತು, ಆದರೆ ಜಲವಿದ್ಯುತ್ ಬೇಕಾದಷ್ಟಿತ್ತು. ಆಗ ಅವರು ಎರಡು ಸಣ್ಣ ಉಗಿ ಎಂಜಿನ್ನುಗಳ ತಲೆಯ ಮೇಲೆ ಪ್ಯಾಂಟೋಗ್ರಾಫ್ (ಮೇಲಿನ ತಂತಿಯಿಂದ ವಿದ್ಯುತ್ ಪಡೆಯುವ ಚೌಕಟ್ಟು) ಕೂರಿಸಿ, ತಂತಿಯಿಂದ ಬಂದ ವಿದ್ಯುತ್ತಿನಲ್ಲಿ ಬಾಯ್ಲರ್ ನೀರನ್ನೇ ಕುದಿಸಿದರು. ತಾಳಗುಪ್ಪ ದಾರಿಗೆ ಈಗ ವಿದ್ಯುತ್ ತಂತಿ ಬಂದಿದೆ, ಶರಾವತಿಯ ವಿದ್ಯುತ್ತು ಪಕ್ಕದಲ್ಲೇ ಹುಟ್ಟುತ್ತದೆ. ಓಡುವಾಗ ಅಲ್ಲದಿದ್ದರೂ ಶೆಡ್ಡಿನಲ್ಲಿ ರಾತ್ರಿಯ ಹೊತ್ತು ಬಾಯ್ಲರ್ ಬೆಚ್ಚಗಿಡಲು ಅದನ್ನು ಬಳಸಬಹುದು.

ಭದ್ರಾವತಿ ಹಳೇನಗರ:

ಇದ್ದಿಲಿನಿಂದ ವಿದ್ಯುತ್ತಿಗೆ ಹೋದ ನಮ್ಮ ಕುಲುಮೆಯ ಕಥೆಯೇ ಎಂಜಿನ್ನಿನಲ್ಲೂ ನಡೆದಿದೆ ಎಂದು ಇಂದೇ ತಿಳಿಯಿತು. ಬಹಳ ಸಂತೋಷ.

ತುಂಗಾ ಹೋಟೆಲ್ ಬೀದಿ:

ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ರೈಲಿನ ಒಂದು ಉಗಿ ಎಂಜಿನ್ 2009ರಿಂದ ಕರಿದು ಮಿಕ್ಕ ಅಡುಗೆ ಎಣ್ಣೆಯಿಂದ ಓಡುತ್ತದೆ. ಬರ್ನರ್ ಇರುವ ಎಂಜಿನ್ನಿಗೆ ಇದು ಸಾಧ್ಯ. ಶಿವಮೊಗ್ಗದ ಹೋಟೆಲುಗಳ ಬಾಣಲೆಯ ಹಳೆಯ ಎಣ್ಣೆ ಮತ್ತೆ ಬೋಂಡಾಕ್ಕೆ ಹೋಗುವುದಕ್ಕಿಂತ ಎಂಜಿನ್ನಿಗೆ ಹೋದರೆ ಜನರ ಆರೋಗ್ಯಕ್ಕೂ ಒಳ್ಳೆಯದು.

ಕನ್ನಡ ಶಾಲೆ ಅಕ್ಕೋರು:

ನಾನು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿದ್ದೇನೆ. ನೀವೆಲ್ಲ ಇಂಧನದ ಬೆಲೆ ಏರಿದರೆ ಟಿಕೆಟ್ ಏರಿಸಬಹುದು ಎಂಬಂತೆ ಮಾತನಾಡುತ್ತಿದ್ದೀರಿ. ಡಾರ್ಜಿಲಿಂಗಿನಲ್ಲಿ ಹಾಗೆಯೇ ಆಗಿದೆ. ಘೂಮ್‌ವರೆಗಿನ ವಿಹಾರದ ಗಾಡಿಯಲ್ಲಿ ಡೀಸೆಲಿಗಿಂತ ಉಗಿಯದ್ದಕ್ಕೆ ಹೆಚ್ಚು ದರ. ಪ್ರವಾಸಿಗಳು ಕೊಡುತ್ತಾರೆ. ನನ್ನ ತರಗತಿಯ ಮಕ್ಕಳ ತಂದೆತಾಯಿ ತೋಟದ ಕೆಲಸಕ್ಕೆ ಹೋಗುವವರು, ಅವರು ಕೊಡಲಾರರು. ರೈಲು ಅವರ ಮನೆಯ ಹಿಂದೆಯೇ ಕೂಗುತ್ತಾ ಹೋಗುವುದು, ಅವರು ಬೇಲಿಯ ಆಚೆ ನಿಂತು ಕೈ ಬೀಸುವುದು, ಇಷ್ಟೇ ಆದರೆ ನನಗೆ ಆ ರೈಲು ಬೇಡ. ವಿಜ್ಞಾನದ ಪಾಠದಲ್ಲಿ ಉಗಿಯ ಶಕ್ತಿ ಕಲಿಸಲು ನಾನು ಕುಕ್ಕರ್ ಸೀಟಿಯನ್ನು ತೋರಿಸುತ್ತೇನೆ. ಒಮ್ಮೆಯಾದರೂ ಅವರಿಗೆ ಆ ಒಲೆಯ ಬಾಯಿ ತೆರೆದು ತೋರಿಸಬೇಕು.

ಲೆಕ್ಕದ ಪುಸ್ತಕ:

ಅಕ್ಕೋರೇ, ನಿಮ್ಮ ಮಾತಿಗೆ ನನ್ನ ಲೆಕ್ಕದಲ್ಲಿ ಜಾಗವಿದೆ. ಮೊದಲ ಬರಹದಲ್ಲಿ ಅದನ್ನು ಸೇರಿಸದೆ ಹೋದದ್ದು ತಪ್ಪು. ಬೆಂಕಿ ಎಬ್ಬಿಸಲು ಮತ್ತು ಎಂಜಿನ್ ತನ್ನನ್ನೇ ಎಳೆದುಕೊಳ್ಳಲು ಬೇಕಾದ ಇಂಧನ ಹೇಗೂ ಖರ್ಚಾಗುತ್ತದೆ. ಅದರ ಮೇಲೆ ಇನ್ನೊಂದು ಬೋಗಿ ಕಟ್ಟಿದರೆ ಹೆಚ್ಚುವರಿ ಇಂಧನ ಸ್ವಲ್ಪವೇ. ಆದ್ದರಿಂದ ಕೊನೆಯ ಬೋಗಿಯನ್ನು ಶಾಲೆಗಳಿಗೆಂದು ಮೀಸಲಿಟ್ಟು ಸಾಮಾನ್ಯ ಪ್ಯಾಸೆಂಜರ್ ದರದಲ್ಲೇ ಕೊಡಬಹುದು. ಉಳಿದ ಟಿಕೆಟ್ಟಿನ ಮೇಲೆ ‘ಇಂಧನದ ಪಾಲು ಇಷ್ಟು’ ಎಂದು ಬಿಡಿಯಾಗಿ ಮುದ್ರಿಸಲಿ. ಬೆಲೆ ಇಳಿದರೆ ಅದೂ ಇಳಿಯಲಿ. ಎಲ್ಲಿಗೆ ಹೋಗುತ್ತದೆಂದು ಗೊತ್ತಿರುವ ಹಣವನ್ನು ಜನ ಕೊಡುತ್ತಾರೆ ಎಂಬುದು ನನ್ನ ಅನುಭವ.

ತಾಳಗುಪ್ಪ ಲೈನ್:

ಒಂದು ವಾರದಲ್ಲಿ ನಾನು ಎಷ್ಟು ಕಲಿತೆ! ರೈಲ್ವೆಗೆ ಬರೆಯುವ ಮನವಿಯಲ್ಲಿ ಹೀಗೆ ಸೇರಿಸುತ್ತೇನೆ: ಮಳೆಗಾಲದಲ್ಲಿ ಸತತ ಹದಿನೈದು ದಿನ, ಹರಿಯಾಣದ ರೇವಾಡಿಯಲ್ಲಿ ಹಳೆಯ ಉಗಿ ಎಂಜಿನ್ನುಗಳನ್ನು ಉಳಿಸಿಕೊಂಡಿರುವ ಕೇಂದ್ರದಲ್ಲಿರುವಂಥ ಬ್ರಾಡ್ ಗೇಜ್ ಎಂಜಿನ್ ಒಂದು, ಕಲ್ಲಿದ್ದಲಿಗೆ ಸೂರು, ರಾತ್ರಿ ಬಾಯ್ಲರ್ ಬೆಚ್ಚಗಿಡಲು ವಿದ್ಯುತ್ತು, ಕೊನೆಯ ಬೋಗಿ ಶಾಲೆಗೆ, ಸೌದೆ ಬೇಡವೇ ಬೇಡ. ಕಲ್ಲಿದ್ದಲೋ ಎಣ್ಣೆಯೋ ಎಂಬುದನ್ನು ಓಡಿಸುವವರಿಗೇ ಬಿಡೋಣ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದವರು ನೀಲಗಿರಿಗೆ ಎಣ್ಣೆಯ ಎಂಜಿನ್ನುಗಳನ್ನು ಮಾಡಿಕೊಟ್ಟವರು, 2021ರಲ್ಲಿ ಕಲ್ಲಿದ್ದಲಿನ ಹೊಸ ಎಂಜಿನ್ನನ್ನೂ ಮಾಡಿದರು. ಎರಡೂ ವಿದ್ಯೆ ನಮ್ಮ ದೇಶದಲ್ಲೇ ಜೀವಂತವಾಗಿದೆ. ಕರಡನ್ನು ಬರೆದು ಇಲ್ಲಿ ಹಾಕುತ್ತೇನೆ, ಎಲ್ಲರೂ ತಿದ್ದಬೇಕು.

ಹೊಟ್ಟಿನ ಬಾಯ್ಲರ್ ಅವರೇ, ನಿಮ್ಮಲ್ಲಿ ಒಂದು ಕೇಳಿಕೆ. ಮುಂದಿನ ತಿಂಗಳು ನಾನು ಮತ್ತೊಮ್ಮೆ ಮೆಟ್ಟುಪಾಳ್ಯಕ್ಕೆ ಹೋಗುವವನಿದ್ದೇನೆ. ನೀವು ಜೊತೆಗೆ ಬಂದರೆ ನನ್ನ ಕಣ್ಣಿಗೆ ಕಾಣದ್ದು ನಿಮ್ಮ ಕಣ್ಣಿಗೆ ಕಾಣುತ್ತದೆ. ಟಿಕೆಟ್ ನಾನೇ ಮಾಡಿಸುತ್ತೇನೆ.

ಹೊಟ್ಟಿನ ಬಾಯ್ಲರ್:

ಬರುತ್ತೇನೆ. ಗಿರಣಿಯಲ್ಲಿ ಬಾಯ್ಲರ್ ತಪಾಸಣೆಗೆ ನಿಲ್ಲಿಸುವ ವಾರ ನೋಡಿ ದಿನ ತಿಳಿಸುತ್ತೇನೆ. ನನ್ನ ಟಿಕೆಟ್ಟಿನ ಹಣ ನಾನೇ ಕೊಡುತ್ತೇನೆ, ಅದರಲ್ಲಿ ವಾದ ಬೇಡ. ಸಾಧ್ಯವಾದರೆ ಇನ್ನೊಂದು ಸೀಟು ಹಿಡಿದಿಡಿ. ಮಗ ಈ ವರ್ಷ ಬಾಯ್ಲರ್ ಪರೀಕ್ಷೆಗೆ ಕಟ್ಟಿದ್ದಾನೆ. ಚಲಿಸುವ ಬಾಯ್ಲರನ್ನು ಅವನೂ ಕಂಡಿಲ್ಲ, ನಾನೂ ಕಂಡಿಲ್ಲ.